ಕಣ್ಣು, ಕೈ, ಬಾಯಿ

ನಾನು ಹುಟ್ಟಾ ಪುಕ್ಕಲಿ. ಇದನ್ನು ಹೇಳಿಕೊಳ್ಳಲು ಈಗ ನನಗೇನೂ ನಾಚಿಕೆಯಿಲ್ಲ. ನವಿ ಮುಂಬಯಿಯ ಕಾಮೋಠೆಯಲ್ಲಿರುವ ನಮ್ಮ ಫ್ಲ್ಯಾಟಿನಿಂದ ಕೆಳಗಿಳಿದು ರಿಕ್ಷಾ ಹತ್ತುವ ಹೊತ್ತಿಗೆ, ಗ್ಯಾಸಿನ ರೆಗ್ಯುಲೇಟರ್ ತಿರುಗಿಸಿ ಬಂದ್ ಮಾಡಿದೆನೋ ಇಲ್ಲವೋ ಎಂಬ ಸಂಶಯ ಬಂದು, ಮತ್ತೆ ನಾಲ್ಕು ಮಹಡಿ ಹತ್ತಿ ಹೋಗಿ ಮುಟ್ಟಿ ಬರುವವಳು ನಾನು. ಲಿಫ್ಟ್ ಇದೆ. ಆದರೆ ಲಿಫ್ಟ್ ಕಂಡರೂ ಹೆದರಿಕೆ. ಮಗಳು ರಿಕ್ಷಾದಲ್ಲಿ ಕೂತು ಹಣೆ ಹಣೆ ಬಡಿದುಕೊಳ್ಳುತ್ತಾಳೆ.

"ಮಮ್ಮಾ, ಫಿರ್ ಸೇ? ಅಭೀ ತೋ ದೇಖ್ ಕೇ ಆಯೀ ನಾ!"

ನೋಡಿದ್ದು ಹೌದು, ಮುಟ್ಟಿರುವುದಿಲ್ಲ. ನೋಡುವುದಕ್ಕೂ ಮುಟ್ಟುವುದಕ್ಕೂ ಇರುವ ವ್ಯತ್ಯಾಸವನ್ನು ನನಗೆ ಕಲಿಸಿದವರು ಕಸ್ತೂರಿ ಟೀಚರ್, ಠಾಣೆ ಊರಿನ ಪಕ್ಕದ ಕಳವಾ ಎಂಬಲ್ಲಿ ನಾವಿದ್ದ ಸಾಲುಮನೆಗಳ ಚಾಳಿನ ಅಡುಗೆಕೋಣೆಯಲ್ಲಿ. ನಾನು ಅದನ್ನು ಸರಿಯಾಗಿ ಕಲಿತದ್ದು ಮಾತ್ರ, ನನ್ನ ಅಜ್ಜಿಯನ್ನು ನಾನೇ ಕೊಂದೆ ಎಂದು ನಂಬಿ ನಡುಗುತ್ತ ಕೂತ ಒಂದು ಸಂಜೆ.

ನಮ್ಮದು ಎರಡು ಕೋಣೆಯ ಮನೆ. ಮುಂದಿನ ಕೋಣೆಯಲ್ಲಿ ಒಂದು ಕಬ್ಬಿಣದ ಮಂಚ, ಅಡ್ಡಗೆರೆ ಬಿಟ್ಟು ಬೇರೇನನ್ನೂ ತೋರಿಸದ ಒಂದು ಕಪ್ಪುಬಿಳುಪು ಟಿವಿ, ಗೋಡೆಗೆ ಊರಿನ ದೇವಸ್ಥಾನದ ಕ್ಯಾಲೆಂಡರು. ಒಳಗಿನದು ಅಡುಗೆಕೋಣೆ. ಅದರ ಒಂದು ಮೂಲೆಯಲ್ಲಿ ಮೊಣಕಾಲೆತ್ತರದ ಗೋಡೆ ಕಟ್ಟಿದ ಮೋರಿ, ಅಲ್ಲೇ ಸ್ನಾನ, ಅಲ್ಲೇ ಪಾತ್ರೆ ತೊಳೆಯುವುದು. ಇನ್ನೊಂದು ಮೂಲೆಯಲ್ಲಿ ಕಡಪಾ ಕಲ್ಲಿನ ಕಟ್ಟೆ, ಕಟ್ಟೆಯ ಮೇಲೆ ಒಲೆ, ಕೆಳಗೆ ಕತ್ತಲಲ್ಲಿ ಸಿಲಿಂಡರ್. ಒಲೆಯಿಂದ ಎರಡು ಮೊಳ ದೂರದಲ್ಲಿ, ಗೋಡೆಗೆ ಹೊಡೆದ ಹಲಗೆಯ ಮೇಲೆ, ದೇವರು. ಜಾಗವಿಲ್ಲದ ಊರಿನಲ್ಲಿ ದೇವರೂ ಗ್ಯಾಸೂ ಒಂದೇ ಮೂಲೆ ಹಂಚಿಕೊಳ್ಳಬೇಕು. ಅಪ್ಪ ಠಾಣೆಯ ಒಂದು ಹೋಟೆಲಿನಲ್ಲಿ ದೋಸೆಕಲ್ಲಿನ ಮುಂದೆ ನಿಲ್ಲುವವರು. ನಾನು ಏಳುವ ಮೊದಲೇ ಹೋಗಿ, ನಾನು ಊಟಕ್ಕೆ ಕೂರುವ ಹೊತ್ತಿಗೆ ಬರುತ್ತಿದ್ದರು. ಅಮ್ಮ ನಾಲ್ಕೈದು ಮಂದಿಗೆ ಡಬ್ಬ ಕಟ್ಟಿಕೊಡುತ್ತಿದ್ದಳು. ಅಜ್ಜಿ, ಅಪ್ಪನ ಅಮ್ಮ, ಅಡುಗೆಕೋಣೆಯಲ್ಲಿ ದೇವರ ಹಲಗೆಯ ಕೆಳಗೆ ಚಾಪೆ ಹಾಸಿ, ಒಲೆಗೆ ಬೆನ್ನು ಹಾಕಿ ಕೂತು, ಬತ್ತಿ ಹೊಸೆಯುತ್ತ, ಗಂಟೆಗೊಮ್ಮೆ ನಸ್ಯ ಸೇದುತ್ತ ದಿನ ಕಳೆಯುತ್ತಿದ್ದಳು. ಆ ನಸ್ಯದ ದೆಸೆಯಿಂದ ಅವಳ ಮೂಗು ಯಾವತ್ತೋ ಸತ್ತುಹೋಗಿತ್ತು. ಪಲ್ಯ ಸೀದು ಹೊಗೆ ಕಣ್ಣಿಗೆ ಹೊಕ್ಕರೆ ಮಾತ್ರ ಅವಳಿಗೆ ಗೊತ್ತಾಗುತ್ತಿತ್ತು. ಸಂಜೆಯಾದರೆ ಖಾಡಿಯ, ಅಂದರೆ ಸಮುದ್ರದ ಹಿನ್ನೀರಿನ, ಕಡೆಯಿಂದ ಸೊಳ್ಳೆಯ ದಂಡು ಬರುತ್ತಿದ್ದುದರಿಂದ ಕಿಟಕಿಗಳನ್ನೆಲ್ಲ ಮುಚ್ಚಿ ಕೂರುವುದು ಇಡೀ ಚಾಳಿನ ರೂಢಿ.

ಆ ಮನೆಗೆ ಕಸ್ತೂರಿ ಟೀಚರ್ ಬಂದದ್ದು ಊಟಕ್ಕೆ. ಠಾಣೆಯ ನಮ್ಮ ಕನ್ನಡ ಶಾಲೆಗೆ ಗದಗದ ಕಡೆಯಿಂದ ಹೊಸ ವಿಜ್ಞಾನದ ಟೀಚರ್ ಬಂದಿದ್ದಾರೆ, ಒಬ್ಬರೇ ಹೆಂಗಸು, ನಮ್ಮ ಚಾಳಿನ ಕೊನೆಯ ಕೋಣೆ ಬಾಡಿಗೆಗೆ ಹಿಡಿದಿದ್ದಾರೆ, ಎರಡು ಹೊತ್ತು ಊಟ ಹಾಕಬಹುದೇ ಎಂದು ಯಾರೋ ಅಪ್ಪನನ್ನು ಕೇಳಿದ್ದರು. ಮೊದಲ ದಿನ ಅಮ್ಮ ಬಡಿಸಿದ ಕುಚ್ಚಲಕ್ಕಿ ಅನ್ನದ ಅಗುಳನ್ನು ಬೆರಳಲ್ಲಿ ಹಿಚುಕಿ ನೋಡಿ, "ಇದು ಬೆಂದಿಲ್ಲೇನ್ರಿ ಅಕ್ಕಾರ?" ಎಂದರು. ಅಮ್ಮನ ಮುಖ ಸಣ್ಣದಾಯಿತು. ಮರುದಿನ ಟೀಚರ್ ಜೋಳದ ಹಿಟ್ಟಿನ ಡಬ್ಬಿ ಹಿಡಿದುಕೊಂಡೇ ಬಂದರು. ಒಂದು ತಿಂಗಳಲ್ಲಿ ಅಮ್ಮ ರೊಟ್ಟಿ ಬಡಿಯಲು ಕಲಿತಳು, ಟೀಚರ್ ಕುಚ್ಚಲಕ್ಕಿ ಗಂಜಿಗೆ ಸೋತರು. ಅಮ್ಮ ರೊಟ್ಟಿ ಬಡಿಯುವ ಸದ್ದಿಗೆ ಪಕ್ಕದ ಮನೆಯ ಮರಾಠಿ ಕಾಕೂ, ಇವರ ಮನೆಯಲ್ಲಿ ಜಗಳವೋ ಏನೋ ಎಂದು ಬಾಗಿಲಿಗೆ ಬಂದು ಇಣುಕಿದ್ದೂ ಉಂಟು.

ಟೀಚರಿಗೆ ಆಕಾಶದ ಹುಚ್ಚು. ಬೇರೆ ಮಾತಿಲ್ಲ, ಹುಚ್ಚೇ. ಅವರ ಟ್ರಂಕಿನ ಮುಚ್ಚಳದ ಒಳಬದಿಗೆ ರಾಕೆಟ್‌ಗಳ ಚಿತ್ರ, ಪತ್ರಿಕೆಯಿಂದ ಕತ್ತರಿಸಿದ್ದು, ಅನ್ನದ ಅಂಟಿನಲ್ಲಿ ಅಂಟಿಸಿದ್ದು. ಸೀರೆ ತೆಗೆಯಲು ಟ್ರಂಕು ತೆರೆದವರು ಚಿತ್ರ ನೋಡುತ್ತ ನಿಂತು, ಯಾಕೆ ತೆರೆದೆ ಎಂಬುದನ್ನೇ ಮರೆಯುತ್ತಿದ್ದರು. ತರಗತಿಗೆ ಅಮ್ಮನ ನಾಲ್ಕು ಅಂತಸ್ತಿನ ಟಿಫಿನ್ ಕ್ಯಾರಿಯರ್ ತಂದು, ಕೆಳಗಿನ ಡಬ್ಬ ಖಾಲಿಯಾದ ಮೇಲೆ ಕಳಚಿ ಬೀಳುತ್ತದೆ, ಭಾರ ಕಡಿಮೆಯಾಗುತ್ತದೆ, ಮೇಲಿನದು ಮುಂದೆ ಹೋಗುತ್ತದೆ ಎಂದು ತೋರಿಸಿ, ಕೊನೆಗೆ ಉಳಿದ ಉಪ್ಪಿನಕಾಯಿಯ ಪುಟ್ಟ ಡಬ್ಬಿಯನ್ನು ಎತ್ತಿ ಹಿಡಿದು, "ಇದು ಉಪಗ್ರಹ" ಎಂದಿದ್ದರು. ಆ ಡಬ್ಬಿ ನಮ್ಮ ಮನೆಯದು ಎಂದು ನಾನು ಇಡೀ ತರಗತಿಗೆ ಹೇಳಿಕೊಂಡು ತಿರುಗಿದೆ. ಅವರನ್ನು ನಾನು ಎಷ್ಟು ಪ್ರೀತಿಸುತ್ತಿದ್ದೆ ಎಂದರೆ, ಅವರು ಉಂಡ ತಟ್ಟೆಯನ್ನು ತೊಳೆಯಲು ಅಮ್ಮನೊಡನೆ ಜಗಳವಾಡುತ್ತಿದ್ದೆ.

ಆದರೆ ನನ್ನ ಹೆದರಿಕೆಯನ್ನು ಹೆಚ್ಚಿಸಿದವರೂ ಅವರೇ. ಒಂದು ದಿನ ಪಾಠದಲ್ಲಿ, ಭೂಮಿಯ ಕೆಳಗೆ ಏನಿದೆ ಎಂದು ಕೇಳಿ, ತಾವೇ, ಏನೂ ಇಲ್ಲ ಎಂದುಬಿಟ್ಟರು. ಕಂಬವಿಲ್ಲ, ನೆಲವಿಲ್ಲ, ಹಗ್ಗವಿಲ್ಲ. ಮೇಲೂ ಇಲ್ಲ, ಕೆಳಗೂ ಇಲ್ಲ. ಉಳಿದ ಮಕ್ಕಳು ಬೆಲ್ ಹೊಡೆದ ಕೂಡಲೇ ಅದನ್ನು ಮರೆತು ಆಡಲು ಓಡಿದರು. ನಾನು ಮಾತ್ರ ಬೆಂಚನ್ನು ಹಿಡಿದುಕೊಂಡೇ ಕೂತಿದ್ದೆ. ಅವತ್ತಿನಿಂದ ಮಲಗುವಾಗ ಮಂಚದ ಕಾಲನ್ನು ಹಿಡಿದುಕೊಳ್ಳತೊಡಗಿದೆ. ಚಾಳಿನ ಹತ್ತಿರದ ಲೋಕಲ್ ರೈಲುಗಳ ಕಾರ್‌ಶೆಡ್ಡಿನಲ್ಲಿ ಗಾಡಿ ಅಲುಗಿದ ಸದ್ದಾದರೂ ಭೂಮಿ ಕಳಚಿಕೊಂಡಿತು ಎಂದು ಎದ್ದು ಕೂರುತ್ತಿದ್ದೆ. ಮೂರು ದಿನ ನೋಡಿದ ಅಮ್ಮ, ನಾಲ್ಕನೆಯ ದಿನ ರೊಟ್ಟಿ ಬಡಿಸುತ್ತಲೇ ಟೀಚರಿಗೆ ಬಿಸಿ ಮುಟ್ಟಿಸಿದಳು.

"ಎಂತ ಟೀಚರ್, ಮಕ್ಕಳಿಗೆ ಹೀಗೆಲ್ಲ ಹೇಳ್ಲಿಕ್ಕುಂಟಾ? ಈ ಹುಡುಗಿ ಮೊದಲೇ ಹಲ್ಲಿ ಕಂಡ್ರೆ ಹೆದರ್ತಾಳೆ. ಈಗ ಕೂತ ನೆಲಕ್ಕೇ ಹೆದರುದಾದ್ರೆ ನಾನೆಂತ ಮಾಡ್ಲಿ?"

ಅಜ್ಜಿ ತನ್ನ ಚಾಪೆಯಿಂದಲೇ ಸೇರಿಸಿದಳು. ನಮ್ಮ ಮನೆಮಾತು ತುಳು, ಟೀಚರಿಗೆ ಅರ್ಥವಾಗಬೇಕಾದದ್ದನ್ನು ಮಾತ್ರ ಅವಳು ಕನ್ನಡದಲ್ಲಿ ಹೇಳುತ್ತಿದ್ದಳು.

"ಕೆಳಗೆ ಆದಿಶೇಷ ಇದ್ದಾನೆ. ಅಷ್ಟೂ ಗೊತ್ತಿಲ್ಲದವ್ರು ಶಾಲೆಯಲ್ಲಿ ಎಂತ ಕಲಿಸ್ತಾರೋ!"

ಟೀಚರ್ ತಟ್ಟೆಯನ್ನು ಪಕ್ಕಕ್ಕಿಟ್ಟು ನನ್ನನ್ನೇ ನೋಡಿದರು. ಅವರು ಹೇಳಿದ ಮಾತು ಇನ್ನೂ ನನ್ನ ಕಿವಿಯಲ್ಲಿದೆ.

"ಅಂಜೂದು ತಪ್ಪಲ್ಲ ತಂಗಿ. ರಾಕೆಟ್ ಹಾರಸಾವ್ರೂ ಅಂಜತಾರ. ಆದ್ರ ಅವರು ಅಂಜಿಕಿನ್ನ ಸುಮ್ಮ ಕುಂಡ್ರಸಂಗಿಲ್ಲ, ಅದಕ್ಕ ಒಂದು ಕೆಲಸಾ ಹಚ್ಚತಾರ."

ಆ ಕೆಲಸ ಏನು ಎಂಬುದು ಗೊತ್ತಾದದ್ದು ಹಿಂದಿನ ಸಾಲಿನ ಚಾಳಿನಲ್ಲಿ ಬೆಂಕಿ ಬಿದ್ದ ಮೇಲೆ. ಒಂದು ಬೆಳಿಗ್ಗೆ ನಾನು ಶಾಲೆಗೆ ಜಡೆ ಹಾಕಿಸಿಕೊಳ್ಳುತ್ತಿದ್ದೆ. ದೊಡ್ಡ ಸದ್ದಾಯಿತು, ನಮ್ಮ ದೇವರ ಹಲಗೆಯಿಂದ ಕುಂಕುಮದ ಬಟ್ಟಲು ಕೆಳಗೆ ಬಿತ್ತು. ರಾತ್ರಿಯಿಡೀ ಸೋರಿದ ಗ್ಯಾಸು. ಆ ಮನೆಯ ಹೆಂಗಸು ಚಹಾಕ್ಕೆಂದು ಕಡ್ಡಿ ಗೀರಿದ್ದಳು. ಅವಳನ್ನು ಗೋಧಡಿಯಲ್ಲಿ ಸುತ್ತಿ ಹೊತ್ತುಕೊಂಡು ನಮ್ಮ ಬಾಗಿಲ ಮುಂದೆಯೇ ಓಡಿದರು. ಅಮ್ಮ ನನ್ನ ಕಣ್ಣು ಮುಚ್ಚಿದಳು, ಆದರೆ ಕಿವಿ ಮುಚ್ಚಲಿಲ್ಲ. ಆ ಹೆಂಗಸು ತಿರುಗಿ ಬರಲಿಲ್ಲ. ಅವಳ ಮನೆಯ ಹೊರಗೋಡೆಯ ಮೇಲೆ ಕಿಟಕಿಯಿಂದ ಮೇಲಕ್ಕೆ ಹೋದ ಕಪ್ಪು ಗುರುತು ಎಷ್ಟು ಸುಣ್ಣ ಬಳಿದರೂ ಹೋಗದೆ ಉಳಿಯಿತು, ಶಾಲೆಗೆ ಹೋಗುವ ದಾರಿ ಅದರ ಎದುರಿಗೇ. ನಾನು ಅಲ್ಲಿ ಕಣ್ಣು ಮುಚ್ಚಿ ನಡೆದು ಒಂದೆರಡು ಸಲ ಗಟಾರಕ್ಕೂ ಬಿದ್ದಿದ್ದೇನೆ.

ಆ ವಾರವೇ ಟೀಚರ್ ನಮ್ಮ ಮನೆಯಲ್ಲಿ ಹೊಸ ಪದ್ಧತಿ ತಂದರು. ರಾಕೆಟ್ ಹಾರಿಸುವ ಮೊದಲು ಒಬ್ಬರು ಒಂದೊಂದೇ ಹೆಸರು ಕೂಗುತ್ತಾರಂತೆ; ಯಾರ ಕೆಲಸವೋ ಅವರು ನೋಡಿ ಸರಿ ಎಂದರೆ ಮಾತ್ರ ಮುಂದಿನದು. ಹಾಗೆಯೇ ನಮ್ಮ ಮನೆಯಲ್ಲೂ ಪ್ರತಿ ಸಂಜೆ ದೀಪ ಹಚ್ಚುವ ಮೊದಲು ಟೀಚರ್ ಹೊಸ್ತಿಲ ಹತ್ತಿರ ನಿಂತು ಕೂಗುವುದು, ನಾವು ಉತ್ತರಿಸುವುದು. ನೀರು, ಅಮ್ಮ. ಕಿಟಕಿ, ಅದೂ ಅಮ್ಮ. ಗ್ಯಾಸ್, ನಾನು. ಎಲ್ಲಕ್ಕಿಂತ ಕೊನೆಗೆ ದೀಪ, ಅಜ್ಜಿ. ರೆಗ್ಯುಲೇಟರ್ ಬಂದ್ ಆಗಿರುವುದನ್ನು ನೋಡಿ ನಾನು ಗ್ಯಾಸ್ ಸರಿ ಎನ್ನುವ ತನಕ ಅಜ್ಜಿ ಕಡ್ಡಿ ಗೀರುವಂತಿಲ್ಲ. ನನ್ನಂಥ ಪುಕ್ಕಲಿಗೇ ಗ್ಯಾಸಿನ ಕೆಲಸ ಕೊಟ್ಟದ್ದು ಬೇಕೆಂದೇ. ಅದಕ್ಕೊಂದು ನಿಯಮವನ್ನೂ ಮಾಡಿದ್ದರು.

"ಮೊದಲ ಕಣ್ಣಿಲೆ ನೋಡು. ಆಮ್ಯಾಲ ಕೈಲೆ ಮುಟ್ಟು. ಆಮ್ಯಾಲ ಬಾಯಿಲೆ ಹೇಳು. ಈ ಮೂರರಾಗ ಒಂದು ತಪ್ಪಿದ್ರೂ ನೀ ಹೇಳಿದ್ದು ಸುಳ್ಳ."

ಅಜ್ಜಿಗೆ ಸಿಟ್ಟು ಬಂದದ್ದು ಅಷ್ಟಿಷ್ಟಲ್ಲ.

"ದೇವರಿಗೆ ದೀಪ ಹಚ್ಲಿಕ್ಕೂ ಈಗ ಟೀಚರ ಅಪ್ಪಣೆ ಬೇಕಾ? ನನ್ನ ಅತ್ತೆ ಸಹ ನನ್ಗೆ ಹೀಗೆ ಹೇಳಿದವಳಲ್ಲ!"

ಮೊದಮೊದಲು ಅವಳು ಮುಖ ತಿರುಗಿಸಿ ಉತ್ತರವನ್ನೇ ಕೊಡುತ್ತಿರಲಿಲ್ಲ. ಟೀಚರ್ ಬಿಡುತ್ತಿರಲಿಲ್ಲ. "ದೀಪಾ, ಅಜ್ಜಿಯವರ?" ಎಂದು ಮೂರು ಸಲ ಕೇಳಿ ಕಾಯುತ್ತಿದ್ದರು. ಒಂದು ತಿಂಗಳು ಕಳೆದ ಮೇಲೆ ನಾನು ಗಮನಿಸಿದೆ. ಟೀಚರ್ ಬಾಯಲ್ಲಿ ನೀರು ಎಂಬ ಶಬ್ದ ಬರುವಾಗಲೇ ಅಜ್ಜಿ ಸೆರಗು ಸರಿಮಾಡಿಕೊಂಡು, ಕಡ್ಡಿಪೆಟ್ಟಿಗೆ ಹಿಡಿದು, ನೆಟ್ಟಗೆ ಕೂತಿರುತ್ತಿದ್ದಳು. ತನ್ನ ಸರದಿ ಬಂದಾಗ, "ದೀಪ ಸರಿ ಉಂಟು!" ಎಂದು ಚಾಳಿಗೆಲ್ಲ ಕೇಳುವಂತೆ ಹೇಳುತ್ತಿದ್ದಳು. ದಿನದಲ್ಲಿ ಒಂದು ಸಲವಾದರೂ ಯಾರೋ ತನ್ನ ಹೆಸರು ಹಿಡಿದು ಕೇಳುತ್ತಾರಲ್ಲ ಎಂಬ ಖುಷಿ ಇದ್ದಿರಬೇಕು. ಆ ಮನೆಯಲ್ಲಿ ಅಜ್ಜಿಯನ್ನು ಬೇರೆ ಯಾವುದಕ್ಕೂ ಯಾರೂ ಕೇಳುತ್ತಿರಲಿಲ್ಲ.

ಈಗ ನನ್ನ ತಪ್ಪಿಗೆ ಬರುತ್ತೇನೆ. ರೆಗ್ಯುಲೇಟರ್ ಮುಟ್ಟಬೇಕಾದರೆ ಕಟ್ಟೆಯ ಕೆಳಗೆ ಮೊಣಕಾಲೂರಿ ಕತ್ತಲಿಗೆ ಕೈ ಚಾಚಬೇಕು. ಅಲ್ಲಿ ಜಿರಳೆಗಳು. ಜಿರಳೆಯನ್ನಾದರೂ ಸಹಿಸಬಹುದಿತ್ತು. ಬೆಂಕಿ ಬಿದ್ದಂದಿನಿಂದ, ಆ ಕೆಂಪು ಸಿಲಿಂಡರ್ ಕತ್ತಲಲ್ಲಿ ಕೂತು ಉಸಿರಾಡುತ್ತಿದೆ, ಕೈ ಹತ್ತಿರ ತಂದರೆ ಹಿಡಿದುಕೊಳ್ಳುತ್ತದೆ ಎಂದು ನನಗನ್ನಿಸುತ್ತಿತ್ತು. ಮೊದಲ ಎರಡು ವಾರ ಹಲ್ಲು ಕಚ್ಚಿ ಮುಟ್ಟಿದೆ. ಆಮೇಲೆ ಬಗ್ಗಿ ನೋಡಿ ಸರಿ ಎನ್ನತೊಡಗಿದೆ. ಅದಾದ ಮೇಲೆ ಅಡುಗೆಕೋಣೆಯ ಬಾಗಿಲಲ್ಲಿ ನಿಂತು ಹೇಳತೊಡಗಿದೆ. ಕೊನೆಗೆ ಎಲ್ಲಿದ್ದೆನೋ ಅಲ್ಲಿಂದಲೇ, ಜಡೆ ಬಿಚ್ಚುತ್ತಲೋ ಪುಸ್ತಕ ಜೋಡಿಸುತ್ತಲೋ, "ಗ್ಯಾಸ್ ಸರಿ" ಎನ್ನುತ್ತಿದ್ದೆ. ಕಣ್ಣೂ ಇಲ್ಲ, ಕೈಯೂ ಇಲ್ಲ, ಬರೀ ಬಾಯಿ. ಟೀಚರ್ ಒಮ್ಮೆಯೂ ಒಳಗೆ ಬಂದು ನೋಡಲಿಲ್ಲ. ಒಬ್ಬರು ಸರಿ ಎಂದ ಮೇಲೆ ಇನ್ನೊಬ್ಬರು ನೋಡಿದರೆ ಆ ಪದ್ಧತಿಗೆ ಅರ್ಥವಿಲ್ಲ ಎನ್ನುವುದು ಅವರ ಮಾತು. ಅವರು ನನ್ನನ್ನು ಅಷ್ಟು ನಂಬಿದ್ದರು. ಹಾಸಿಗೆಯಲ್ಲಿ ಮಲಗಿದಾಗ ಅದೇ ನೆನಪಾಗುತ್ತಿತ್ತು. ಆದರೂ ಮರುದಿನ ಮುಟ್ಟುತ್ತಿರಲಿಲ್ಲ.

ಅಷ್ಟರಲ್ಲಿ ರಾಕೆಟ್ಟಿನ ದಿನ ಬಂತು. ನಮ್ಮ ದೇಶದ ದೊಡ್ಡ ರಾಕೆಟ್, ಸಂಜೆಯ ಹೊತ್ತು ಹಾರುವುದು, ಟಿವಿಯಲ್ಲಿ ನೇರವಾಗಿ ತೋರಿಸುತ್ತಾರೆ. ಟೀಚರ್ ಅಷ್ಟು ವರ್ಷ ಚಿತ್ರಗಳನ್ನು ಕತ್ತರಿಸಿ ಅಂಟಿಸಿದ್ದರೇ ವಿನಾ ಹಾರುವ ಕ್ಷಣವನ್ನು ಆ ಕ್ಷಣದಲ್ಲಿಯೇ ಒಮ್ಮೆಯೂ ಕಂಡವರಲ್ಲ. ಒಮ್ಮೆ ಅವರ ಊರಿನಲ್ಲಿ ಕರೆಂಟು ಹೋಗಿತ್ತು, ಇನ್ನೊಮ್ಮೆ ಪರೀಕ್ಷೆಯ ಕೋಣೆಯಲ್ಲಿ ಕಾವಲಿಗೆ ನಿಂತಿದ್ದರು. ಒಂದು ವಾರದಿಂದ ಅವರಿಗೆ ಊಟ ಸೇರುತ್ತಿರಲಿಲ್ಲ. ಬಣ್ಣದ ಟಿವಿ ಇದ್ದದ್ದು ಕಾಕೂ ಮನೆಯಲ್ಲಿ; ಅವರು ಇಡೀ ಚಾಳನ್ನು ಕರೆದಿದ್ದರು. ಅಮ್ಮ ಅಜ್ಜಿಯ ಸಂಜೆಯ ಹಾಲನ್ನು ಸಣ್ಣ ಉರಿಯಲ್ಲಿಟ್ಟು, ಕಿಟಕಿ ಮುಚ್ಚಿ, "ಹಾಲು ನೋಡು ಜಯಂತಿ, ಉಕ್ಕುವ ಮೊದಲು ಆರಿಸಿ ಬಾ" ಎಂದು ಹೇಳಿ, ಮುಂದೆ ಜಾಗ ಹಿಡಿಯಲು ಹೋದಳು. ಅಜ್ಜಿ ಬರುವುದಿಲ್ಲ ಎಂದಳು. ಬೆಂಕಿ ಹಚ್ಚಿ ಆಕಾಶಕ್ಕೆ ಬಿಡುವುದನ್ನು ನೋಡಿ ತನಗೆ ಆಗಬೇಕಾದ್ದೇನೂ ಇಲ್ಲ, ಬತ್ತಿ ಹೊಸೆಯುವುದಿದೆ ಎಂದಳು. ನಾನು ಮುಂದಿನ ಕೋಣೆಯಲ್ಲಿ ಚಪ್ಪಲಿ ಹುಡುಕುತ್ತಿದ್ದೆ. ಟೀಚರ್ ಹೊಸ ಇಳಕಲ್ ಸೀರೆ ಉಟ್ಟು ಬಾಗಿಲಿಗೆ ಬಂದರು.

"ನಡಿ ತಂಗಿ, ತಡಾ ಆತು. ನೀರೂ ಕಿಟಕೀ ನಿಮ್ಮವ್ವ ನೋಡ್ಯಾಳ. ಗ್ಯಾಸ್?"

"ಗ್ಯಾಸ್ ಸರಿ, ಟೀಚರ್."

ಅಷ್ಟೇ. ಇನ್ನೂ ಬೆಳಕಿತ್ತಾದ್ದರಿಂದ ದೀಪದ ಮಾತನ್ನು ಅವರು ಕೇಳಲಿಲ್ಲ. ನನ್ನ ಕೈ ಹಿಡಿದುಕೊಂಡು ಹೆಚ್ಚುಕಡಿಮೆ ಓಡಿದರು.

ಕಾಕೂ ಮನೆಯಲ್ಲಿ ಕಾಲಿಡಲು ಜಾಗವಿರಲಿಲ್ಲ. "ಯಾ ಯಾ, ಬಸಾ" ಎಂದು ಕರೆದು ಕೂರಿಸುತ್ತ ಅವರು ಎಲ್ಲರ ಕೈಗೂ ಚುರುಮುರಿ ಕೊಡುತ್ತಿದ್ದರು. ಅಮ್ಮ ಎಲ್ಲರಿಗಿಂತ ಮುಂದೆ, ಟಿವಿಯ ಬುಡದಲ್ಲೇ ಕೂತಿದ್ದಳು. ನಾನೂ ಟೀಚರೂ ಬಾಗಿಲ ಹತ್ತಿರ. ಏನೇನೋ ಮಾತುಗಳು, ಬಿಳಿ ಕೋಟಿನವರು, ಗಡಿಯಾರ. ಸುಮಾರು ಹೊತ್ತು ಹಾಗೇ ಹೋಯಿತು, ಹೊರಗೆ ಕತ್ತಲು ಕವಿಯಿತು. ಟೀಚರ್ ನನ್ನ ಕೈಯನ್ನು ತಮ್ಮ ತೊಡೆಯ ಮೇಲಿಟ್ಟುಕೊಂಡು, ಅದು ನೋಡು, ಇದು ನೋಡು ಎಂದು ಪಿಸುಗುಡುತ್ತಿದ್ದರು. ಆಗ ಪರದೆಯ ಮೇಲೆ ರಾಕೆಟ್ಟನ್ನು ಹತ್ತಿರದಿಂದ ತೋರಿಸಿದರು. ಅದರ ಮೈಯಿಂದ ಬೆಳ್ಳಗೆ ಏನೋ ಹೊರಬಂದು, ಪಾತ್ರೆಯ ಅಂಚಿನಿಂದ ಹಾಲು ಇಳಿಯುವ ಹಾಗೆ, ಕೆಳಗಿಳಿಯುತ್ತಿತ್ತು.

ಹಾಲು.

ಹಾಲು ಉಕ್ಕಿರುತ್ತದೆ. ಉಕ್ಕಿ ಉರಿಯನ್ನು ಆರಿಸಿರುತ್ತದೆ. ಗ್ಯಾಸು ಹೊರಗೆ ಬರುತ್ತಲೇ ಇರುತ್ತದೆ. ಕಿಟಕಿಗಳು ಮುಚ್ಚಿವೆ. ಅಜ್ಜಿಗೆ ವಾಸನೆ ಗೊತ್ತಾಗುವುದಿಲ್ಲ. ಕತ್ತಲಾಗಿದೆ, ಅಜ್ಜಿಯ ಕೈಯಲ್ಲಿ ಕಡ್ಡಿಪೆಟ್ಟಿಗೆ ಇದೆ. ಗ್ಯಾಸ್ ಸರಿ ಎಂದು ನಾನು ಹೇಳಿದ್ದು ಅವಳಿಗೆ ಕೇಳಿಸಿದೆ. ಇಷ್ಟೆಲ್ಲ ಒಂದೇ ಸಲಕ್ಕೆ ಗೊತ್ತಾಯಿತು. ಎದ್ದು ಓಡಬೇಕಿತ್ತು, ಕೂಗಬೇಕಿತ್ತು. ಬಾಯಿ ಬರಲಿಲ್ಲ. ಓದಿದವರು ನಂಬಲಿ ಬಿಡಲಿ, ನನ್ನ ಅಜ್ಜಿ ಸುಟ್ಟುಹೋಗುತ್ತಾಳೆ ಎಂಬುದರ ಜೊತೆಗೆ, ನಾನು ಸುಳ್ಳಿ ಎಂದು ಟೀಚರಿಗೆ ಗೊತ್ತಾಗುತ್ತದೆ ಎಂಬುದೂ ನನಗೆ ಅಷ್ಟೇ ದೊಡ್ಡ ಹೆದರಿಕೆಯಾಗಿತ್ತು. ಇವತ್ತಿಗೂ ಅದನ್ನು ನನಗೆ ಕ್ಷಮಿಸಿಕೊಳ್ಳಲು ಆಗಿಲ್ಲ. ಟಿವಿಯಲ್ಲಿ ಒಂದು ದನಿ ಅಂಕಿಗಳನ್ನು ಹಿಂದೆ ಹಿಂದೆ ಎಣಿಸತೊಡಗಿತು. ನನ್ನ ಅಂಗೈ ಟೀಚರ ಕೈಯೊಳಗೆ ಬೆವತು ತಣ್ಣಗಾಯಿತು.

"ಯಾಕ? ಇಷ್ಟಕ್ಕೂ ಅಂಜತೀಯೇನು?" ಎಂದರು, ಕಣ್ಣು ಪರದೆಯ ಮೇಲೇ ಇಟ್ಟು.

ನಾನು ಬಾಗಿಲಾಚೆ ನಮ್ಮ ಮನೆಯ ಕಡೆಗೆ ನೋಡಿದೆ. ಆಗ ಅವರು ಕಣ್ಣು ತೆಗೆದರು. ಅಷ್ಟು ವರ್ಷ ಕಾದಿದ್ದ ಪರದೆಯಿಂದ ಕಣ್ಣು ತೆಗೆದು ನನ್ನ ಮುಖ ನೋಡಿದರು.

"ಮುಟ್ಟಿದ್ಯೋ, ಇಲ್ಲೋ?"

ನಾನು ಇಲ್ಲವೆಂದು ತಲೆಯಾಡಿಸಿದೆ. ಮೆಲ್ಲಗೆ, "ಹಾಲು" ಎಂದೆ.

"ನೀ ಬರಬ್ಯಾಡ. ಇಲ್ಲೇ ಕೂಡು" ಎಂದವರೇ, ಸೀರೆಯ ನಿರಿಗೆ ಎತ್ತಿ ಹಿಡಿದು, ಬಾಗಿಲಲ್ಲಿದ್ದ ಚಪ್ಪಲಿಗಳನ್ನು ತುಳಿಯುತ್ತ ಓಡಿದರು. ಎಲ್ಲರ ಕಣ್ಣೂ ಟಿವಿಯ ಮೇಲಿತ್ತು, ಯಾರೂ ತಿರುಗಿ ನೋಡಲಿಲ್ಲ.

ನಾನು ಕೂತೆ. ಹತ್ತು, ಒಂಬತ್ತು, ಎಂಟು. ಈಗ ಅವರು ನೀರಿನ ಡ್ರಮ್ಮುಗಳ ಹತ್ತಿರ ಇರುತ್ತಾರೆ. ಏಳು, ಆರು. ಈಗ ನಮ್ಮ ಬಾಗಿಲು. ಅಜ್ಜಿ ಈಗ ಕಡ್ಡಿ ತೆಗೆಯುತ್ತಾಳೆ. ಇಬ್ಬರೂ ಒಳಗೆ. ಆ ಗೋಡೆಯ ಮೇಲಿನ ಕಪ್ಪು ಗುರುತು ಕಣ್ಣಿಗೆ ಕಟ್ಟಿತು, ಈ ಸಲ ನಮ್ಮ ಗೋಡೆಯ ಮೇಲೆ. ಸೊನ್ನೆ ಬಂತು. ಪರದೆಯ ತುಂಬ ಬೆಂಕಿ ಎದ್ದಿತು, ಕಾಕೂ ದನಿ ಹೆಚ್ಚಿಸಿಟ್ಟಿದ್ದ ಟಿವಿ ಗುಡುಗಿತು, ಕಿಟಕಿಯ ಗಾಜು ಅದುರಿತು, ಮನೆ ತುಂಬ ಜನ ಒಟ್ಟಿಗೆ ಕೂಗಿದರು. ಅದು ನಮ್ಮ ಮನೆ ಎಂದೇ ತಿಳಿದು ನಾನು ಕಿರುಚಿದೆ. ಚಪ್ಪಾಳೆಯಲ್ಲಿ ನನ್ನ ಕಿರುಚಾಟ ಯಾರಿಗೂ ಕೇಳಿಸಲಿಲ್ಲ. ಪಕ್ಕದಲ್ಲಿದ್ದ ಹೆಂಗಸು, ಹುಡುಗಿಗೆ ಎಷ್ಟು ಖುಷಿ ನೋಡಿ ಎಂದು ನನ್ನ ತಲೆ ಸವರಿದಳು.

ಎದ್ದು ಮನೆಗೆ ಓಡಿದೆ. ಮನೆಯ ಕಿಟಕಿಗಳೆಲ್ಲ ತೆರೆದಿದ್ದವು, ಒಳಗೆ ಕತ್ತಲು. ಬಾಗಿಲಿನ ತನಕ ಗ್ಯಾಸಿನ ವಾಸನೆ. ಹೊರಗಿನ ಗ್ಯಾಲರಿಯಲ್ಲಿ ಟೀಚರ್ ಗೋಡೆಗೆ ಒರಗಿ ನೆಲದ ಮೇಲೆ ಕೂತಿದ್ದರು, ಹೊಸ ಸೀರೆಯ ಸೆರಗಿನ ತುಂಬ ಹಾಲಿನ ಕಲೆ. ಪಕ್ಕದಲ್ಲಿ ಅಜ್ಜಿ, ಕೈಯಲ್ಲಿ ಕಡ್ಡಿಪೆಟ್ಟಿಗೆ, ಮುಖ ಊದಿಸಿಕೊಂಡು.

"ಎಷ್ಟು ಹೊತ್ತಿಂದ ಕಾಯುದು ನಾನು! ಗ್ಯಾಸ್ ಅಂತ ಕೇಳಿದ್ರಿ, ಇವಳು ಸರಿ ಅಂದ್ಲು. ದೀಪ ಅಂತ ನನ್ನನ್ನು ಕೇಳ್ಲೇ ಇಲ್ಲ ನೀವು. ಕತ್ತಲಾಯ್ತು, ದೇವರಿಗೆ ದೀಪ ಇಲ್ಲ. ನಾನೂ ಹಚ್ಲಿಲ್ಲ. ಕೇಳ್ದೆ ನಾನ್ಯಾಕೆ ಹಚ್ಬೇಕು? ಈಗ ಓಡಿ ಬಂದು ಎಳ್ಕೊಂಡು ಹೊರಗೆ ಕೂರ್ಸಿದ್ರೆ ಆಯ್ತಾ?"

ಟೀಚರ್ ಅಜ್ಜಿಯ ಕೈಯಿಂದ ಕಡ್ಡಿಪೆಟ್ಟಿಗೆಯನ್ನು ಮೆಲ್ಲಗೆ ತೆಗೆದುಕೊಂಡರು. ಅದನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಮೇಲಿನಿಂದ ಅಂಗೈಯಲ್ಲಿ ಒತ್ತಿ ಹಿಡಿದರು.

"ತಪ್ಪಾತು ಅಜ್ಜಿಯವರ. ಇನ್ನ ಎಂದೂ ಕೇಳದ ಹೋಗಂಗಿಲ್ಲ."

ಅವರು ಹೆದರಿದ್ದನ್ನು ನಾನು ಅವತ್ತೊಂದೇ ದಿನ ಕಂಡದ್ದು.

ಅಮ್ಮ ಬರುವ ಹೊತ್ತಿಗೆ ವಾಸನೆ ಹೋಗಿತ್ತು, ಒಲೆ ಒರೆಸಿ ಆಗಿತ್ತು. ಗದ್ದಲದಲ್ಲಿ ತಲೆ ಸುತ್ತಿದಂತಾಗಿ ಎದ್ದು ಬಂದೆ, ಗಾಳಿಗೆಂದು ಅಜ್ಜಿಯನ್ನೂ ಹೊರಗೆ ಕೂರಿಸಿಕೊಂಡೆ ಎಂದರು ಟೀಚರ್. ಹಾಲು ಯಾಕೆ ಇಷ್ಟೇ ಇದೆ ಎಂದು ಅಮ್ಮ ಕೇಳಿದಾಗ, ತಾನು ಕುಡಿದೆ ಎಂದರು. ಹಾಲು ಕಂಡರೆ ಮೂಗು ಮುರಿಯುವವರು ಹಾಲು ಕುಡಿದದ್ದು ಹೇಗೆ ಎಂದು ಅಮ್ಮ ಬೆರಗಾಗಿ ನೋಡಿದಳು. ಅಪ್ಪ ಬಂದು, "ಹೋಯ್ತಂತಲ್ಲಾ ಟೀಚರ್, ಹೋಟೆಲಲ್ಲಿ ಎಲ್ಲ ಅದೇ ಮಾತು! ನೋಡಿದ್ರಲ್ಲ?" ಎಂದಾಗ, ಟೀಚರ್ ರೊಟ್ಟಿ ಮುರಿಯುತ್ತ, "ಜಯಂತಿ ನೋಡ್ಯಾಳ್ರಿ" ಎಂದು ಮಾತ್ರ ಹೇಳಿದರು. ಊಟವಾದ ಮೇಲೆ ನಾನು ತಟ್ಟೆ ತೊಳೆಯುತ್ತಿದ್ದಾಗ ಮೋರಿಯ ಹತ್ತಿರ ಬಂದು ನಿಂತರು. ಈಗ ಬಯ್ಯುತ್ತಾರೆ, ಈಗ ಅಮ್ಮನನ್ನು ಕರೆಯುತ್ತಾರೆ ಎಂದು ನಾನು ಬೆನ್ನು ಬಿಗಿ ಹಿಡಿದು ಕೂತೆ.

"ಹೇಳು ತಂಗಿ, ರಾಕೆಟ್ ಹೆಂಗ ಹೋತು?"

ನಾನು ಅಳತೊಡಗಿದೆ. ಬೆಂಕಿ ಬಿಟ್ಟು ನಾನು ಬೇರೆ ಏನನ್ನೂ ನೋಡಿರಲಿಲ್ಲ. ಅವರಿಗೆ ಕೊಡಲು ನನ್ನ ಹತ್ತಿರ ಏನೂ ಇರಲಿಲ್ಲ. "ಬೆಂಕಿ ಬಂತು" ಎಂದೆ. ಇನ್ನೇನಾದರೂ ಹೇಳುತ್ತೇನೆಂದು ಅವರು ನನ್ನ ಮುಖದ ಕಡೆಗೆ ಬಗ್ಗಿದರು. ಆಮೇಲೆ ಒಳ್ಳೆಯದಾಯಿತು ಎಂದು ತಲೆಯಾಡಿಸಿ ತಮ್ಮ ಕೋಣೆಗೆ ಹೋದರು.

ಅಜ್ಜಿಗೆ ಮಾತು ಕೊಟ್ಟಿದ್ದರೂ, ಮೂರು ದಿನ ಟೀಚರ್ ಊಟಕ್ಕೆ ಮಾತ್ರ ಬಂದರು, ಸಂಜೆಯ ಕೂಗು ಇರಲಿಲ್ಲ. ಅಜ್ಜಿ ದಿನವೂ ಕಡ್ಡಿಪೆಟ್ಟಿಗೆ ಹಿಡಿದು ಕೂತು, ಗೊಣಗಿ, ಕೊನೆಗೆ ತಾನೇ ದೀಪ ಹಚ್ಚುತ್ತಿದ್ದಳು. ನನ್ನಿಂದಾಗಿ ಎಲ್ಲ ಮುಗಿಯಿತು, ಟೀಚರ್ ಇನ್ನು ಬೇರೆ ಕಡೆ ಊಟಕ್ಕೆ ಹೋಗುತ್ತಾರೆ ಎಂಬ ಭಯದಲ್ಲಿ ನನಗೆ ಜ್ವರವೇ ಬಂತು. ನಾಲ್ಕನೆಯ ಸಂಜೆ ಹೊಸ್ತಿಲಿನಿಂದ ದನಿ ಬಂತು. ನೀರು. ಕಿಟಕಿ. ಗ್ಯಾಸ್. ನಾನು ಎದ್ದು ಹೋಗಿ ಕಟ್ಟೆಯ ಮುಂದೆ ಮೊಣಕಾಲೂರಿದೆ. ಕೈ ಮುಂದೆ ಹೋಗಲಿಲ್ಲ. ಹಿಂದೆ ಬಳೆಯ ಸದ್ದಾಯಿತು. ಟೀಚರ್ ನನ್ನ ಪಕ್ಕದಲ್ಲಿ ಮೊಣಕಾಲೂರಿ, ನನ್ನ ಕೈಯನ್ನು ತಮ್ಮ ಕೈಯಲ್ಲಿ ಹಿಡಿದು, ಕತ್ತಲೊಳಗೆ ಒಯ್ದು, ರೆಗ್ಯುಲೇಟರಿನ ಮೇಲೆ ಇಟ್ಟರು. ತಣ್ಣಗಿತ್ತು.

"ಅವತ್ತ ನಿನ್ನ ಬಾಯಿ ಸುಳ್ಳ ಹೇಳ್ತು, ನಿನ್ನ ಈ ಮಾರಿ, ಮುಖಾ, ಖರೇ ಹೇಳ್ತು. ಮಾರಿ ಭಾಳ ತಡಾ ಮಾಡಿತು ಅಷ್ಟ. ಅಂಜಿಕಿ ಹೋಗಂಗಿಲ್ಲ ತಂಗಿ. ಅಂಜಿಕೋತನ ಮುಟ್ಟು."

ಅಂಜಿಕೊಂಡೇ ಮುಟ್ಟುತ್ತ ಬಂದಿದ್ದೇನೆ. ಅಜ್ಜಿ ಅದಾದ ಮೇಲೆ ಬಹಳ ವರ್ಷ ಇದ್ದಳು, ತನ್ನ ಸರದಿಗೆ ಕಾದು ದೀಪ ಹಚ್ಚುತ್ತ. ಅವತ್ತಿನ ವಿಷಯ ಅವಳಿಗೆ ಕೊನೆಯ ತನಕ ಗೊತ್ತಾಗಲಿಲ್ಲ, ಅಮ್ಮನಿಗೂ. ಟೀಚರ್ ನಿವೃತ್ತರಾಗಿ ಬದಲಾಪುರದಲ್ಲಿ ಒಂದು ಸಣ್ಣ ಫ್ಲ್ಯಾಟಿನಲ್ಲಿದ್ದಾರೆ, ತಂಗಿಯ ಮಗಳ ಜೊತೆ. ಕಣ್ಣು ಮಂಜಾಗಿದೆ, ಟಿವಿಗೆ ಮೂಗು ತಾಗಿಸಿಕೊಂಡು ನೋಡುತ್ತಾರೆ. ರಾಕೆಟ್ ಹಾರುವ ಸುದ್ದಿ ಬಂದಾಗಲೆಲ್ಲ ನನಗೆ ಫೋನ್ ಮಾಡುತ್ತಾರೆ. ಆದರೆ ನಾವಿಬ್ಬರೂ ಒಟ್ಟಿಗೆ ಕೂತು ನೋಡುವುದು ಹೇಗೋ ತಪ್ಪಿಹೋಗುತ್ತಲೇ ಇತ್ತು. ನಾನೇ ತಪ್ಪಿಸುತ್ತಿದ್ದೆ ಎಂದರೂ ಸರಿ. ಆ ಹಿಮ್ಮುಖ ಎಣಿಕೆ ಕೇಳಿದರೆ ಈಗಲೂ ನನ್ನ ಅಂಗೈ ಬೆವರುತ್ತದೆ.

ಈಚೆಗೆ ಒಂದು ಮಧ್ಯಾಹ್ನ ಮನಸ್ಸು ಗಟ್ಟಿಮಾಡಿ ಹೋದೆ. ತಂಗಿಯ ಮಗಳು ಆಫೀಸಿಗೆ ಹೋಗಿದ್ದಳು. ನಾನೇ ಅಡುಗೆಮನೆಯಲ್ಲಿ ಚಹಾ ಮಾಡಿ ತಂದು, ಟೀಚರ ಕುರ್ಚಿಯ ಪಕ್ಕ ಕೂತೆ. ಪರದೆಯ ಮೇಲೆ ರಾಕೆಟ್, ಅದೇ ಬಿಳಿ ಹೊಗೆ. ಅವರು ನನ್ನ ಕೈಯನ್ನು ಎಳೆದು ತಮ್ಮ ತೊಡೆಯ ಮೇಲಿಟ್ಟುಕೊಂಡರು, ನನಗೆ ಐವತ್ತು ದಾಟಿದೆ ಎಂಬುದನ್ನು ಲೆಕ್ಕಕ್ಕೇ ಹಿಡಿಯದೆ. ಎಣಿಕೆ ಶುರುವಾಯಿತು. ನನ್ನ ಅಂಗೈ ತಣ್ಣಗಾದದ್ದು ಅವರಿಗೆ ಗೊತ್ತಾಗಿರಬೇಕು. ಪರದೆಯಿಂದ ಕಣ್ಣು ತೆಗೆಯದೆ ಕೇಳಿದರು.

"ಗ್ಯಾಸ್?"

"ಸರಿ, ಟೀಚರ್."

ಬಾಯಿಂದ ಬಂದುಬಿಟ್ಟಿತು. ನೋಡಿದ್ದೆನೇ? ನೋಡಿದ್ದೆ ಅನ್ನಿಸಿತು. ಮುಟ್ಟಿದ್ದೆನೇ? ನಾನು ಅವರ ಕೈಯಿಂದ ಕೈ ಬಿಡಿಸಿಕೊಂಡು ಎದ್ದೆ. ಅವರು ತಡೆಯಲಿಲ್ಲ. ಅಡುಗೆಮನೆಗೆ ಹೋಗಿ, ಕಟ್ಟೆಯ ಮುಂದೆ ನೋಯುವ ಮೊಣಕಾಲೂರಿ, ಕತ್ತಲಲ್ಲಿ ಕೈ ಚಾಚಿದೆ. ರೆಗ್ಯುಲೇಟರ್ ಬಂದ್ ಮಾಡಿಯೇ ಇತ್ತು. ಹೊರಗಿನ ಕೋಣೆಯಲ್ಲಿ ಟಿವಿ ಗುಡುಗಿತು. ನಾನು ಅದನ್ನು ಹಿಡಿದುಕೊಂಡೇ ಇದ್ದೆ, ಚಪ್ಪಾಳೆಯ ಸದ್ದು ನಿಲ್ಲುವ ತನಕ. ಟೀಚರ್ ಒಬ್ಬರೇ ಜೋರಾಗಿ ನಗುವುದು ಕೇಳಿಸಿತು.

ಹೊರಗೆ ಬಂದಾಗ ಪರದೆಯಲ್ಲಿ ಖಾಲಿ ಆಕಾಶವಿತ್ತು. ಟೀಚರ್ ಕನ್ನಡಕ ತೆಗೆದು ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದರು.

"ಮುಟ್ಟಿದಿ?"

"ಮುಟ್ಟಿದೆ, ಟೀಚರ್."

"ಹಂಗಾರ ಬಾ, ಇಲ್ಲೆ ಕೂಡು" ಎಂದು ಪಕ್ಕದ ಜಾಗವನ್ನು ತಟ್ಟಿದರು. "ಹೆಂಗ ಹೋತು, ನಾ ಹೇಳ್ತೀನಿ."